ಕಾಯಂ ಬಾಗಿಲು ತೆರೆಯುವ ಮುನ್ನ

ಮದುವೆಗೆಂದು ಹುಡುಗನಿಗೆ ಸಿಕ್ಕ ರಜೆ ಮೂರೇ ವಾರ. ಜವಳಿ, ಚಪ್ಪರ, ಧಾರೆ, ಬೀಗರೂಟ ಮುಗಿಯುವಷ್ಟರಲ್ಲಿ ಎರಡು ವಾರ ಕಳೆದಿರುತ್ತದೆ. ಉಳಿದ ವಾರ ನೆಂಟರಿಷ್ಟರ ಮನೆಯ ಊಟಕ್ಕೇ ಸರಿ. ಅಳಿಯಂದಿರು ಟೊರಾಂಟೊ ವಿಮಾನ ಹತ್ತುತ್ತಾರೆ. ಮಗಳು ತವರಿನಲ್ಲೇ ಉಳಿಯುತ್ತಾಳೆ. 'ಪೇಪರ್ ಬಂದ ಕೂಡಲೇ ಹೊರಡುತ್ತಾಳೆ' ಎಂದು ತಾಯಿ ಕೇಳಿದವರಿಗೆಲ್ಲ ಹೇಳುತ್ತಾರೆ. ಯುಗಾದಿ ಹೋಗಿ ಗೌರಿ ಹಬ್ಬ ಬಂದರೂ ಪೇಪರ್ ಬಂದಿರುವುದಿಲ್ಲ. ಕೇಳುವವರ ಬಾಯಿ ಮಾತ್ರ ಸುಮ್ಮನಿರುವುದಿಲ್ಲ.

ಇಂದು ನಮ್ಮ ಜಿಲ್ಲಾ ಕೇಂದ್ರಗಳಲ್ಲಿ, ತಾಲ್ಲೂಕು ಊರುಗಳಲ್ಲಿ ಕೂಡ ಇಂಥ ಮನೆಗಳು ಅಪರೂಪವಲ್ಲ. ಮೂವತ್ತು ವರ್ಷ ವಿಜ್ಞಾನ ಪಾಠ ಹೇಳಿದ ಮೇಷ್ಟರ ಬಳಿಗೆ ಹಳೆಯ ವಿದ್ಯಾರ್ಥಿಗಳು ಅರ್ಜಿ ನಮೂನೆ ಹಿಡಿದು ಬರುವುದೂ ಅಪರೂಪವಲ್ಲ. ಅವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. 'ಸರ್, ಕಾಯಂ ಆಗಿ ಹೋಗಲು ಅರ್ಜಿ ಹಾಕಿ ಕಾಯುತ್ತಿದ್ದೇವೆ. ಈ ನಡುವೆ ನಾಲ್ಕು ತಿಂಗಳು ಹೋಗಿ ಬರಲು ವಿಸಿಟರ್ ವೀಸಾ ಕೇಳಬಹುದೇ? ಕೇಳಿದರೆ ದೊಡ್ಡ ಅರ್ಜಿಗೇ ಕುತ್ತು ಬಂದೀತೇ?'

ಈ ಪ್ರಶ್ನೆಗೆ ಪ್ರತಿ ದೇಶದ ಉತ್ತರವೂ ಬೇರೆ. ನಮ್ಮ ಹುಡುಗ ಹುಡುಗಿಯರು ಹೆಚ್ಚಾಗಿ ನೆಲೆಸುತ್ತಿರುವ ಕೆನಡಾವನ್ನೇ ಇಲ್ಲಿ ಉದಾಹರಣೆಗೆ ತೆಗೆದುಕೊಳ್ಳೋಣ. ಹೆಂಡತಿ ಅಲ್ಲಿದ್ದು ಗಂಡ ಇಲ್ಲಿ ಕಾಯುತ್ತಿರುವ ಮನೆಗಳಿಗೂ ಇದೇ ನಿಯಮ ಅನ್ವಯಿಸುತ್ತದೆ.

ಎರಡು ಅರ್ಜಿ, ಎರಡು ಪ್ರಶ್ನೆ

ಕೆನಡಾದ ಪೌರ ಅಥವಾ ಕಾಯಂ ನಿವಾಸಿ, 18 ವರ್ಷ ತುಂಬಿದವರು, ತಮ್ಮ ಪತಿ ಅಥವಾ ಪತ್ನಿಯನ್ನು ಕರೆಸಿಕೊಳ್ಳಲು ಅರ್ಜಿ ಹಾಕಬಹುದು. ಇದಕ್ಕೆ ಸ್ಪಾನ್ಸರ್‌ಶಿಪ್ ಎನ್ನುತ್ತಾರೆ. ಸಂಗಾತಿ ಕಾಯಂ ನಿವಾಸಿಯಾದ ದಿನದಿಂದ 3 ವರ್ಷ ಅವರ ಜೀವನಾವಶ್ಯಕ ಖರ್ಚಿನ ಹೊಣೆ ತನ್ನದು ಎಂದು ಸ್ಪಾನ್ಸರ್ ಮಾಡುವವರು ಸರ್ಕಾರಕ್ಕೆ ಮುಚ್ಚಳಿಕೆ ಬರೆದುಕೊಡುತ್ತಾರೆ. ಈ ಅರ್ಜಿಯನ್ನು ನೋಡುವ ಅಧಿಕಾರಿಯ ಮುಖ್ಯ ಪ್ರಶ್ನೆ: 'ಈ ಮದುವೆ ನಿಜವಾದದ್ದೇ? ಅಥವಾ ವಲಸೆಗಾಗಿಯೇ ಮಾಡಿಕೊಂಡದ್ದೇ?' ಅದರ ಜೊತೆಗೆ ಆರೋಗ್ಯ ತಪಾಸಣೆ, ಪೊಲೀಸ್ ಪ್ರಮಾಣಪತ್ರ ಇತ್ಯಾದಿ. ಹಿರಿಯರು ನೋಡಿ ಮಾಡಿದ ಮದುವೆ ಎಂಬುದೇ ಅಲ್ಲಿ ದೋಷವಲ್ಲ. ಆದರೆ ವಧು ಅಥವಾ ವರ ಮಂಟಪದಲ್ಲಿ ಖುದ್ದಾಗಿ ಇಲ್ಲದೆ ದೂರವಾಣಿಯಲ್ಲೋ ಇಂಟರ್‌ನೆಟ್‌ನಲ್ಲೋ ನಡೆದ ಮದುವೆಯನ್ನು 2015ರ ಜೂನ್‌ನಿಂದ ಈ ಉದ್ದೇಶಕ್ಕೆ ಒಪ್ಪುವುದಿಲ್ಲ ಎಂಬುದು ನೆನಪಿರಲಿ.

ವಿಸಿಟರ್ ವೀಸಾ ಅರ್ಜಿಯ ಪ್ರಶ್ನೆ ಪೂರ್ತಿ ಬೇರೆ. 'ಈ ವ್ಯಕ್ತಿ ಕೊಟ್ಟ ಅವಧಿ ಮುಗಿದಾಗ ಕೆನಡಾ ಬಿಟ್ಟು ಹೊರಡುತ್ತಾಳೆಯೇ?' ಇಷ್ಟೇ. ಮೊದಲ ಅರ್ಜಿಯಲ್ಲಿ 'ನಾನು ಅಲ್ಲಿಯೇ ಬಾಳುತ್ತೇನೆ' ಎನ್ನಬೇಕು. ಎರಡನೆಯದರಲ್ಲಿ 'ನಾನು ಮರಳಿ ಬರುತ್ತೇನೆ' ಎನ್ನಬೇಕು. ಒಂದೇ ಬಾಯಲ್ಲಿ ಎರಡು ಮಾತು ಹೇಗೆ ಎಂದು ಪಾಲಕರು ಗಾಬರಿಯಾಗುವುದು ಸಹಜ.

ಬೆಳಕಿಗೆ ಎರಡು ಗುಣ ಇರುವ ಹಾಗೆ

ಪಿಯುಸಿಯಲ್ಲಿ ಭೌತಶಾಸ್ತ್ರ ಓದಿದವರಿಗೆ ಒಂದು ಸಂಗತಿ ಗೊತ್ತು. ಥಾಮಸ್ ಯಂಗ್ ಎರಡು ಸೀಳುಗಳ ಪ್ರಯೋಗ ಮಾಡಿದಾಗ ಬೆಳಕು ಅಲೆಯಂತೆ ವರ್ತಿಸಿತು. ಐನ್‌ಸ್ಟೈನ್ 1905ರಲ್ಲಿ ದ್ಯುತಿವಿದ್ಯುತ್ ಪರಿಣಾಮವನ್ನು ವಿವರಿಸಿದಾಗ ಅದೇ ಬೆಳಕನ್ನು ಶಕ್ತಿಯ ಪೊಟ್ಟಣಗಳು ಎನ್ನಬೇಕಾಯಿತು. ಹಾಗಾದರೆ ಬೆಳಕು ಸುಳ್ಳು ಹೇಳಿತೇ? ಇಲ್ಲ. ಎರಡು ಪ್ರಯೋಗಗಳು ಎರಡು ಬೇರೆ ಪ್ರಶ್ನೆ ಕೇಳಿದವು. ಬೆಳಕು ಎರಡಕ್ಕೂ ನಿಜವಾದ ಉತ್ತರವನ್ನೇ ಕೊಟ್ಟಿತು.

ಕೆನಡಾದ ವಲಸೆ ಕಾಯಿದೆ ಕೂಡ ಇದೇ ಧಾಟಿಯಲ್ಲಿ ಮಾತನಾಡುತ್ತದೆ. 2002ರ ಜೂನ್ 28ರಂದು ಜಾರಿಗೆ ಬಂದ 'ವಲಸೆ ಮತ್ತು ನಿರಾಶ್ರಿತರ ರಕ್ಷಣಾ ಕಾಯಿದೆ'ಯ 22ನೇ ವಿಧಿಯ 2ನೇ ಉಪವಿಧಿಯ ತಾತ್ಪರ್ಯ ಹೀಗಿದೆ: ಮುಂದೆ ಕಾಯಂ ನಿವಾಸಿಯಾಗುವ ಇಚ್ಛೆ ಒಬ್ಬರಿಗೆ ಇದೆ ಎಂಬ ಮಾತ್ರಕ್ಕೆ ಅವರು ತಾತ್ಕಾಲಿಕವಾಗಿ ಬರುವುದಕ್ಕೆ ಅಡ್ಡಿಯಿಲ್ಲ, ಆದರೆ ಅವಧಿ ಮುಗಿದಾಗ ಹೊರಡುತ್ತಾರೆ ಎಂದು ಅಧಿಕಾರಿಗೆ ಮನವರಿಕೆಯಾಗಬೇಕು. ಇದನ್ನು 'ಡ್ಯುಯಲ್ ಇಂಟೆಂಟ್' ಎಂದು ಕರೆಯುತ್ತಾರೆ. 'ಇಬ್ಬಗೆ' ಎಂದರೆ ನಮ್ಮಲ್ಲಿ ಮೋಸದ ವಾಸನೆ ಬರುತ್ತದೆ. ಆದ್ದರಿಂದ 'ಎರಡು ಉದ್ದೇಶ' ಎಂದು ಕರೆಯೋಣ. ಅನುಮತಿ ಸಿಕ್ಕ ದಿನ ಕಾಯಂ ಆಗಿ ಹೋಗುತ್ತೇನೆ. ಅಲ್ಲಿಯವರೆಗೆ ಅತಿಥಿಯಾಗಿ ಹೋಗಿ ಹೇಳಿದ ದಿನಕ್ಕೆ ಮರಳುತ್ತೇನೆ. ಈ ಎರಡು ಮಾತುಗಳಲ್ಲಿ ಜಗಳವಿಲ್ಲ.

2023ರ ಮೇ ತಿಂಗಳಲ್ಲಿ ಆಗಿನ ವಲಸೆ ಸಚಿವ ಶಾನ್ ಫ್ರೇಸರ್ ಅವರು, ಸ್ಪಾನ್ಸರ್ ಅರ್ಜಿ ಹಾಕಿರುವ ಸಂಗಾತಿಗಳ ವಿಸಿಟರ್ ವೀಸಾ ಅರ್ಜಿಗಳಿಗೆ ಪ್ರತ್ಯೇಕ ಪರಿಶೀಲನಾ ಕ್ರಮವನ್ನೂ ಪ್ರಕಟಿಸಿದರು. ಬಹುಪಾಲು ಅರ್ಜಿಗಳನ್ನು 30 ದಿನಗಳಲ್ಲಿ ಇತ್ಯರ್ಥಪಡಿಸುವುದು ಅದರ ಗುರಿಯಾಗಿತ್ತು. ಬಾಕಿ ಇರುವ ಅರ್ಜಿಯನ್ನು ಸರ್ಕಾರವೇ ಕಳಂಕವೆಂದು ನೋಡುತ್ತಿಲ್ಲ ಎಂಬುದಕ್ಕೆ ಇದು ಸಾಕ್ಷಿ. ಆದರೆ ಇದು ವೀಸಾ ಸಿಕ್ಕೇ ಸಿಗುತ್ತದೆ ಎಂಬ ಭರವಸೆಯಲ್ಲ.

ಅಮೆರಿಕದ ಲೆಕ್ಕ ಬೇರೆ

'ನಮ್ಮ ಷಡ್ಡಕನ ಮಗಳಿಗೆ ಅಮೆರಿಕದ ವೀಸಾ ಕೊಡಲಿಲ್ಲವಲ್ಲ?' ಎಂದು ಕೆಲವರು ಕೇಳುತ್ತಾರೆ. ಅಮೆರಿಕದ ವಲಸೆ ಕಾಯಿದೆಯ 214(ಬಿ) ಕಲಮು ವಿಸಿಟರ್ ವೀಸಾ ಕೇಳುವ ಪ್ರತಿಯೊಬ್ಬರನ್ನೂ, ಅಲ್ಲವೆಂದು ಅವರು ತೋರಿಸಿಕೊಡುವವರೆಗೆ, ಕಾಯಂ ಆಗಿ ನೆಲೆಸಲು ಬಂದವರೆಂದೇ ಭಾವಿಸುತ್ತದೆ. ಎಚ್‌–1ಬಿ, ಎಲ್‌–1ರಂಥ ಕೆಲಸದ ವೀಸಾಗಳಿಗೆ ಈ ನಿಯಮದಿಂದ ವಿನಾಯಿತಿ ಇದೆ. ವಿಸಿಟರ್ ವೀಸಾಕ್ಕೆ ಇಲ್ಲ. ಹೀಗಾಗಿ ಒಂದು ದೇಶದ ಅನುಭವವನ್ನು ಇನ್ನೊಂದಕ್ಕೆ ಅಂಟಿಸುವುದು ತರವಲ್ಲ. ಸೆಲ್ಸಿಯಸ್ ಅಳತೆಯನ್ನು ಫ್ಯಾರನ್‌ಹೀಟ್ ಮಾಪಕದಲ್ಲಿ ಓದಿದ ಹಾಗಾಗುತ್ತದೆ.

ಮುಚ್ಚಿಟ್ಟರೆ ಐದು ವರ್ಷ

ಈ ಲೇಖನದ ಮುಖ್ಯ ಮಾತು ಇಲ್ಲಿದೆ. 'ಸ್ಪಾನ್ಸರ್ ಅರ್ಜಿಯ ಸುದ್ದಿಯನ್ನೇ ಎತ್ತಬೇಡಿ. ನಯಾಗರ ನೋಡಲು ಹೋಗುತ್ತಿದ್ದೇನೆ ಎಂದು ಬರೆಯಿರಿ' ಎಂದು ಸಲಹೆ ಕೊಡುವ ಏಜೆಂಟರು ಇದ್ದಾರೆ. ಇನ್ನೂ ಮುಂದೆ ಹೋಗಿ 'ಅವಿವಾಹಿತೆ' ಎಂದು ತುಂಬಿಸುವವರೂ ಇದ್ದಾರೆ. ಇದು ಬುದ್ಧಿವಂತಿಕೆಯಲ್ಲ, ಬಾವಿಗೆ ಬೀಳುವ ದಾರಿ.

ವೀಸಾ ಅರ್ಜಿಯಲ್ಲಿ ಎರಡು ಪ್ರಶ್ನೆಗಳು ನೇರವಾಗಿಯೇ ಇವೆ. ಒಂದು, ಕೆನಡಾ ಪ್ರವೇಶಕ್ಕೆ ಅಥವಾ ಅಲ್ಲಿ ಉಳಿಯುವುದಕ್ಕೆ ಹಿಂದೆ ಅರ್ಜಿ ಹಾಕಿದ್ದೀರಾ? ಇನ್ನೊಂದು, ಕೆನಡಾ ಅಥವಾ ಬೇರೆ ಯಾವುದೇ ದೇಶ ನಿಮಗೆ ವೀಸಾ ನಿರಾಕರಿಸಿದೆಯೇ? ಸ್ಪಾನ್ಸರ್ ಅರ್ಜಿ ಸಲ್ಲಿಸಿದ್ದರೆ ಮೊದಲ ಪ್ರಶ್ನೆಗೆ 'ಹೌದು' ಎಂದೇ ಉತ್ತರಿಸಿ, ಅರ್ಜಿ ಸಂಖ್ಯೆ ಬಂದಿದ್ದರೆ ಅದನ್ನೂ ನಮೂದಿಸಬೇಕು. ಎರಡೂ ಅರ್ಜಿಗಳು ಒಂದೇ ಇಲಾಖೆಯ ಕಂಪ್ಯೂಟರಿನಲ್ಲಿ ಇರುತ್ತವೆ. ಮದುವೆಯ ದಿನಾಂಕ, ಗಂಡನ ವಿಳಾಸ, ಉದ್ಯೋಗ ಎಲ್ಲವನ್ನೂ ಅಧಿಕಾರಿ ಹೋಲಿಸಿ ನೋಡಬಲ್ಲರು.

ಸುಳ್ಳು ಹೇಳಿದರೆ ಅಥವಾ ಮುಖ್ಯ ಸಂಗತಿಯನ್ನು ಮುಚ್ಚಿಟ್ಟರೆ ಕಾಯಿದೆಯ 40ನೇ ವಿಧಿ ಅನ್ವಯಿಸುತ್ತದೆ. ಆಗ 5 ವರ್ಷ ಕೆನಡಾ ಪ್ರವೇಶವಿಲ್ಲ. 2014ರ ನವೆಂಬರ್‌ಗೆ ಮುನ್ನ ಈ ಅವಧಿ 2 ವರ್ಷವಿತ್ತು. ಆ ಐದು ವರ್ಷಗಳಲ್ಲಿ ಕಾಯಂ ನಿವಾಸಕ್ಕೂ ಅರ್ಜಿ ಹಾಕುವಂತಿಲ್ಲ. ನಾಲ್ಕು ತಿಂಗಳು ಒಟ್ಟಿಗಿರುವ ಆಸೆಗೆ ಐದು ವರ್ಷದ ಸಂಸಾರವನ್ನು ಒತ್ತೆಯಿಟ್ಟ ಹಾಗೆ. ವೀಸಾ ನಿರಾಕರಣೆ ಬಂದರೆ ಮತ್ತೆ ಕೇಳಬಹುದು. ಸುಳ್ಳು ಸಾಬೀತಾದರೆ ಕೇಳುವ ಹಕ್ಕೇ ಹೋಗುತ್ತದೆ.

ಪ್ರಯೋಗಾಲಯದಲ್ಲಿ ಮಕ್ಕಳಿಗೆ ನಾವು ಹೇಳುವುದೂ ಇದನ್ನೇ ಅಲ್ಲವೇ? ಬಂದ ಅಳತೆ ಪುಸ್ತಕದ ಉತ್ತರಕ್ಕೆ ಹೊಂದದಿದ್ದರೆ ಅದನ್ನು ಹಾಗೆಯೇ ಬರೆ, ಕಾರಣ ವಿವರಿಸು, ಅಂಕ ಸಿಗುತ್ತದೆ. ತಿದ್ದಿ ಬರೆದರೆ ಇಡೀ ರೆಕಾರ್ಡ್ ಪುಸ್ತಕದ ಮೇಲೆ ಅನುಮಾನ ಬರುತ್ತದೆ.

ಅರ್ಜಿಗೆ ಸಹಿ ಹಾಕುವವರು ನೀವು. ಏಜೆಂಟ್ ತುಂಬಿದ ಸುಳ್ಳಿಗೂ ನೀವೇ ಹೊಣೆ. ಹಣ ಪಡೆದು ಕೆನಡಾ ವಲಸೆ ವಿಷಯದಲ್ಲಿ ಪ್ರತಿನಿಧಿಯಾಗುವ ಅಧಿಕಾರ ಇರುವುದು ಅಲ್ಲಿನ ವಕೀಲರಂಥ ಕಾನೂನು ವೃತ್ತಿಯವರಿಗೆ ಮತ್ತು ಪರವಾನಗಿ ಪಡೆದ ಸಲಹೆಗಾರರಿಗೆ ಮಾತ್ರ. ಈ ಸಲಹೆಗಾರರ ನಿಯಂತ್ರಣಕ್ಕಾಗಿ 2021ರ ನವೆಂಬರ್‌ನಿಂದ ಪ್ರತ್ಯೇಕ 'ಕಾಲೇಜ್' ಕೆಲಸ ಮಾಡುತ್ತಿದೆ. ಪರವಾನಗಿ ಉಳ್ಳವರ ಪಟ್ಟಿಯನ್ನು ಯಾರು ಬೇಕಾದರೂ ನೋಡಬಹುದು. ದುಡ್ಡು ಕೊಡುವ ಮೊದಲು ಹೆಸರು ಅಲ್ಲಿದೆಯೇ ನೋಡಿಕೊಳ್ಳಿ.

ಮರಳುವ ದಾರಿ ತೋರಿಸಿ

ನಿಜ ಹೇಳಿದ ಮೇಲೆ ಉಳಿಯುವ ಕೆಲಸ, ಮರಳಿ ಬರುವ ಮಾತನ್ನು ಕಾಗದದಲ್ಲಿ ತೋರಿಸುವುದು. ಅಧಿಕಾರಿಯ ಕೈಯಲ್ಲೊಂದು ತಕ್ಕಡಿ ಇದೆ ಎಂದುಕೊಳ್ಳಿ. ಒಂದು ತಟ್ಟೆಯಲ್ಲಿ ಕೆನಡಾದಲ್ಲಿರುವ ಗಂಡ. ಅದು ಭಾರವಾದ ತಟ್ಟೆಯೇ. ಇನ್ನೊಂದು ತಟ್ಟೆಯಲ್ಲಿ ಇಲ್ಲಿಗೆ ಮರಳಲು ನಿಮಗಿರುವ ಕಾರಣಗಳು. ಅದನ್ನು ತುಂಬುವುದು ನಿಮ್ಮ ಕೆಲಸ.

ಓದುತ್ತಿರುವವರಿಗೆ ಇಲ್ಲೊಂದು ಅನುಕೂಲವಿದೆ. ಕಾಲೇಜಿನ ವ್ಯಾಸಂಗ ಪ್ರಮಾಣಪತ್ರ, ಮುಂದಿನ ಸೆಮಿಸ್ಟರ್ ಶುಲ್ಕ ಕಟ್ಟಿದ ರಸೀದಿ, ಪರೀಕ್ಷಾ ವೇಳಾಪಟ್ಟಿ ಒಳ್ಳೆಯ ಆಧಾರಗಳು. ಎಂ.ಎಸ್ಸಿ. ಎರಡನೇ ವರ್ಷ ಜುಲೈನಲ್ಲಿ ಆರಂಭವಾಗುತ್ತದೆ, ಆದ್ದರಿಂದ ಮೇ ಮತ್ತು ಜೂನ್ ತಿಂಗಳಲ್ಲಿ ಹೋಗಿ ಬರುತ್ತೇನೆ ಎಂದರೆ ಆ ಮಾತಿಗೆ ತೂಕವಿದೆ. ಉದ್ಯೋಗದಲ್ಲಿರುವವರು ರಜೆ ಮಂಜೂರಾದ ಪತ್ರ ಇಡಬೇಕು. ಅದರಲ್ಲಿ ಕೆಲಸಕ್ಕೆ ಹಾಜರಾಗುವ ದಿನಾಂಕ ಇರಬೇಕು. ಮನೆಯಲ್ಲಿ ವಯಸ್ಸಾದ ತಂದೆ ತಾಯಿ ಇದ್ದರೆ, ಹೆಸರಿನಲ್ಲಿ ಜಮೀನಿನ ಪಹಣಿ, ಮನೆಯ ಖಾತೆ ಇದ್ದರೆ ಅವನ್ನೂ ಸೇರಿಸಬಹುದು.

ಬ್ಯಾಂಕ್ ಪಾಸ್‌ಬುಕ್ಕಿನ ವಿಷಯದಲ್ಲಿ ಒಂದು ಕಿವಿಮಾತು. ಅರ್ಜಿಗೆ ಒಂದು ವಾರ ಮೊದಲು ಸೋದರಮಾವನಿಂದ ಐದು ಲಕ್ಷ ಹಾಕಿಸಿಕೊಂಡರೆ ಅದು ಬಲವಲ್ಲ, ಅನುಮಾನಕ್ಕೆ ಆಹ್ವಾನ. ಖರ್ಚು ಗಂಡನೇ ನೋಡಿಕೊಳ್ಳುವುದಾದರೆ ಅದನ್ನೇ ಬರೆದು ಅವರ ಸಂಬಳದ ಚೀಟಿ, ತೆರಿಗೆ ಕಾಗದ ಇಡಿ. ಗಂಡ ಬರೆಯುವ ಆಹ್ವಾನ ಪತ್ರದಲ್ಲಿ ಅವರ ವಿಳಾಸ, ಉದ್ಯೋಗ, ಕೆನಡಾದಲ್ಲಿ ಅವರಿಗಿರುವ ಸ್ಥಾನಮಾನ, ನೀವು ಎಲ್ಲಿ ಎಷ್ಟು ದಿನ ಇರುತ್ತೀರಿ ಎಂಬುದು ಸ್ಪಷ್ಟವಾಗಿರಲಿ.

ಇವೆಲ್ಲದರ ಮೇಲೆ ಒಂದು ಪುಟದ ವಿವರಣೆ ಪತ್ರ ಇಡುವುದು ಒಳ್ಳೆಯದು. ಅದರ ಸಾರ ಹೀಗಿದ್ದರೆ ಸಾಕು: 'ಇಂಥ ದಿನ ನಮ್ಮ ಮದುವೆಯಾಯಿತು. ಇಂಥ ದಿನ ಸ್ಪಾನ್ಸರ್ ಅರ್ಜಿ ಸಲ್ಲಿಸಿದ್ದೇವೆ, ಸಂಖ್ಯೆ ಇಂಥದು. ಅದರ ತೀರ್ಮಾನಕ್ಕೆ ಕಾಯುತ್ತಿರುವಾಗ ಪತಿಯೊಂದಿಗೆ ಎಂಟು ವಾರ ಕಳೆಯಲು ಬಯಸುತ್ತೇನೆ. ಇಂಥ ದಿನ ಕಾಲೇಜು ಆರಂಭವಾಗುವುದರಿಂದ ಅದಕ್ಕೆ ಮೊದಲು ಮರಳುತ್ತೇನೆ. ಎರಡು ಉದ್ದೇಶಗಳಿಗೆ ಕಾಯಿದೆಯ 22(2) ವಿಧಿ ಅವಕಾಶ ಕೊಟ್ಟಿರುವುದನ್ನು ಬಲ್ಲೆ. ತೀರ್ಮಾನ ತಡವಾದರೂ ಅವಧಿ ಮೀರಿ ಅಲ್ಲಿ ಉಳಿಯುವುದಿಲ್ಲ.' ಕಣ್ಣೀರು ಬೇಡ, ಅಲಂಕಾರ ಬೇಡ. ದಿನಾಂಕಗಳು ಬೇಕು.

ವೀಸಾ ಶುಲ್ಕ 100 ಕೆನಡಾ ಡಾಲರ್. ಬೆರಳಚ್ಚು ಮತ್ತು ಭಾವಚಿತ್ರಕ್ಕೆ ಒಬ್ಬರಿಗೆ 85 ಡಾಲರ್. ಅರ್ಜಿಯನ್ನು ಕಂಪ್ಯೂಟರ್ ಮೂಲಕ ಸಲ್ಲಿಸಿ, ಬೆರಳಚ್ಚು ಕೊಡಲು ಬೆಂಗಳೂರಿನ ವೀಸಾ ಅರ್ಜಿ ಕೇಂದ್ರಕ್ಕೆ ಹೋಗಬಹುದು.

ಇನಿಷಿಯಲ್ ತಂದಿಡುವ ಇಕ್ಕಟ್ಟು

ನಮ್ಮ ಕಡೆಯವರಿಗೆ ವಿಶೇಷವಾಗಿ ಕಾಡುವ ತೊಂದರೆ ಹೆಸರಿನದು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಊರಿನ ಮತ್ತು ತಂದೆಯ ಹೆಸರಿನ ಇನಿಷಿಯಲ್. ಪಾಸ್‌ಪೋರ್ಟಿನಲ್ಲಿ ಅವೇ ಬಿಡಿಸಿ ಬರೆದ ಹೆಸರು. ಮದುವೆ ನೋಂದಣಿಯಲ್ಲಿ ಗಂಡನ ಹೆಸರು ಸೇರಿಕೊಂಡಿರುತ್ತದೆ. ಲಗ್ನಪತ್ರಿಕೆಯಲ್ಲಿ ಮನೆಯ ಮುದ್ದಿನ ಹೆಸರು! ನಮಗೆ ಇದೆಲ್ಲ ಒಬ್ಬಳೇ ಎಂದು ಗೊತ್ತು. ಸಾವಿರಾರು ಮೈಲಿ ದೂರದ ಅಧಿಕಾರಿಗೆ ನಾಲ್ವರಂತೆ ಕಂಡರೆ ಆಶ್ಚರ್ಯವಿಲ್ಲ.

ಆದ್ದರಿಂದ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಮದುವೆ ನೋಂದಾಯಿಸುವಾಗಲೇ ಪಾಸ್‌ಪೋರ್ಟಿನಲ್ಲಿರುವ ಕಾಗುಣಿತವನ್ನು ಮುಂದಿಟ್ಟುಕೊಳ್ಳಿ. ವ್ಯತ್ಯಾಸ ಉಳಿದಿದ್ದರೆ ಎಲ್ಲ ಹೆಸರುಗಳೂ ಒಬ್ಬರವೇ ಎಂದು ಪ್ರಮಾಣಪತ್ರ ಮಾಡಿಸಿ ಎರಡೂ ಅರ್ಜಿಗಳಿಗೆ ಒಂದೇ ವಿವರಣೆ ಕೊಡಿ. ಕನ್ನಡದ ದಾಖಲೆಗಳಿಗೆ ಇಂಗ್ಲಿಷ್ ಅಥವಾ ಫ್ರೆಂಚ್ ಅನುವಾದ ಬೇಕಾಗುತ್ತದೆ. ಅನುವಾದವನ್ನು ಮನೆಯವರೇ ಮಾಡುವಂತಿಲ್ಲ.

ಅಲ್ಲಿಗೆ ಹೋದ ಮೇಲೆ

ವೀಸಾ ಸಿಕ್ಕಿತೆಂದರೆ ಎಲ್ಲ ಮುಗಿಯಿತೆಂದಲ್ಲ. ವೀಸಾ ಎಂದರೆ ಬಾಗಿಲ ತನಕ ಹೋಗುವ ರಹದಾರಿ. ಒಳಗೆ ಬಿಡುವುದು, ಎಷ್ಟು ದಿನ ಬಿಡುವುದು ಎಂಬುದು ವಿಮಾನ ನಿಲ್ದಾಣದ ಅಧಿಕಾರಿಗೆ ಸೇರಿದ್ದು. ಸಾಮಾನ್ಯವಾಗಿ ಸಿಗುವುದು 6 ತಿಂಗಳು; ಅಧಿಕಾರಿ ಬೇರೆ ದಿನಾಂಕ ಬರೆದರೆ ಅದೇ ಅಂತಿಮ. ವೀಸಾ ಚೀಟಿಯ ಮೇಲೆ ಹಲವು ವರ್ಷಗಳ ಅವಧಿ ಇದ್ದರೂ ಪ್ರತಿ ಭೇಟಿಯ ಲೆಕ್ಕ ಬೇರೆ. ಇದನ್ನು ಗೊಂದಲ ಮಾಡಿಕೊಂಡು ಅವಧಿ ಮೀರಿದವರಿದ್ದಾರೆ. ಅಲ್ಲಿಯೂ ಪ್ರಶ್ನೆ ಕೇಳಿದರೆ ಅರ್ಜಿಯಲ್ಲಿ ಬರೆದದ್ದನ್ನೇ ಹೇಳಿ. ಬರುವಾಗ ಹೋಗುವಾಗ ಎರಡೂ ಕಡೆಯ ಟಿಕೆಟ್ ಇರಲಿ.

ಇನ್ನಷ್ಟು ದಿನ ಉಳಿಯಬೇಕೆನಿಸಿದರೆ ಅವಧಿ ಮುಗಿಯುವ ಕನಿಷ್ಠ 30 ದಿನ ಮೊದಲು ವಿಸ್ತರಣೆಗೆ ಅರ್ಜಿ ಹಾಕಲು ಇಲಾಖೆ ಹೇಳುತ್ತದೆ. ವಿಸಿಟರ್ ಆಗಿದ್ದಾಗ ಪರವಾನಗಿ ಇಲ್ಲದೆ ಸಂಬಳಕ್ಕೆ ದುಡಿಯುವಂತಿಲ್ಲ. ಆದರೆ 6 ತಿಂಗಳು ಅಥವಾ ಅದಕ್ಕಿಂತ ಕಡಿಮೆ ಅವಧಿಯ ಕೋರ್ಸನ್ನು, ವಾಸದ ಅವಧಿಯೊಳಗೆ ಮುಗಿಯುವುದಾದರೆ, ವಿದ್ಯಾರ್ಥಿ ಪರವಾನಗಿಯಿಲ್ಲದೆಯೂ ಮಾಡಬಹುದು. ಫ್ರೆಂಚ್ ಕಲಿಯಲು ಇದು ಒಳ್ಳೆಯ ಸಮಯ. ಅಲ್ಲಿನ ಪ್ರಾಂತಗಳ ಆರೋಗ್ಯ ವಿಮೆ ಸಾಮಾನ್ಯವಾಗಿ ವಿಸಿಟರ್‌ಗಳಿಗೆ ಸಿಗುವುದಿಲ್ಲ. ಪ್ರವಾಸ ವಿಮೆ ಇಲ್ಲದೆ ಹೊರಡಬೇಡಿ.

ಇನ್ನೊಂದು ಸೂಕ್ಷ್ಮ. ಸ್ಪಾನ್ಸರ್ ಅರ್ಜಿಯಲ್ಲಿ ಎರಡು ವರ್ಗಗಳಿವೆ. ಹೊರದೇಶದಲ್ಲಿರುವ ಸಂಗಾತಿಯ ಕುಟುಂಬ ವರ್ಗ ಒಂದು. ಈಗಾಗಲೇ ಕೆನಡಾದಲ್ಲಿ ಸ್ಪಾನ್ಸರ್ ಜೊತೆ ವಾಸಿಸುತ್ತಿರುವ ಸಂಗಾತಿಯ ವರ್ಗ ಇನ್ನೊಂದು. ಮೊದಲನೆಯದರಲ್ಲಿ ಹೋಗಿ ಬಂದು ಮಾಡಬಹುದು. ಅರ್ಜಿ ತಿರಸ್ಕೃತವಾದರೆ ಸ್ಪಾನ್ಸರ್ ಮಾಡಿದವರು ಸಾಮಾನ್ಯವಾಗಿ ವಲಸೆ ಮೇಲ್ಮನವಿ ಮಂಡಳಿಗೆ ಹೋಗಬಹುದು. ಎರಡನೆಯದರಲ್ಲಿ ಆ ಮೇಲ್ಮನವಿ ಇಲ್ಲ. ಅರ್ಜಿ ಬಾಕಿ ಇರುವಾಗ ದೇಶ ಬಿಟ್ಟರೆ ಮತ್ತೆ ಒಳಗೆ ಬರುವುದು ಖಚಿತವಲ್ಲ. ಯಾವ ವರ್ಗ ನಿಮ್ಮ ಸ್ಥಿತಿಗೆ ಹೊಂದುತ್ತದೆ ಎಂಬುದನ್ನು ಅರ್ಜಿ ಹಾಕುವ ಮೊದಲೇ ತೀರ್ಮಾನಿಸಿ.

ಬೇಡವೆಂದರೆ?

ಎಲ್ಲವನ್ನೂ ಸರಿಯಾಗಿ ಮಾಡಿದರೂ ನಿರಾಕರಣೆ ಬರಬಹುದು. 'ಕೆನಡಾದಲ್ಲಿರುವ ಕುಟುಂಬ ಸಂಬಂಧದ ಕಾರಣ ನೀವು ಮರಳುವಿರೆಂದು ಮನವರಿಕೆಯಾಗಿಲ್ಲ' ಎಂಬ ಧಾಟಿಯ ಪತ್ರ ಬಂದಾಗ ಮನೆಯಲ್ಲಿ ಸೂತಕದ ಕಳೆ ಬೇಡ. ವಿಸಿಟರ್ ವೀಸಾದ ನಿರಾಕರಣೆಯಿಂದ ಮದುವೆ ಸುಳ್ಳೆಂದು ತೀರ್ಮಾನವಾಗಲಿಲ್ಲ. ಎರಡರ ಪ್ರಶ್ನೆಗಳೇ ಬೇರೆ ಎಂದು ಆಗಲೇ ನೋಡಿದೆವಲ್ಲ. ಸ್ಪಾನ್ಸರ್ ಅರ್ಜಿ ತನ್ನ ಪಾಡಿಗೆ ಮುಂದುವರಿಯುತ್ತದೆ.

ಅಧಿಕಾರಿ ಕಡತದಲ್ಲಿ ಬರೆದಿಟ್ಟ ಟಿಪ್ಪಣಿಯನ್ನು ಕೆನಡಾದಲ್ಲಿರುವ ಗಂಡ, ನಿಮ್ಮ ಒಪ್ಪಿಗೆ ಪತ್ರದೊಂದಿಗೆ, ಮಾಹಿತಿ ಹಕ್ಕಿನ ಕಾನೂನಿನಡಿ 5 ಡಾಲರ್ ಕೊಟ್ಟು ತರಿಸಿಕೊಳ್ಳಬಹುದು. ಕೊರತೆ ಎಲ್ಲಿತ್ತೆಂದು ತಿಳಿದು, ಅದನ್ನು ತುಂಬಿ ಮತ್ತೆ ಅರ್ಜಿ ಹಾಕಬಹುದು. ಅದೇ ಕಾಗದಗಳನ್ನು ಮರುದಿನವೇ ಮತ್ತೆ ಕಳಿಸಿದರೆ ಉತ್ತರವೂ ಅದೇ ಬಂದೀತು. ಈ ನಿರಾಕರಣೆಗೆ ಸಾಮಾನ್ಯ ಮೇಲ್ಮನವಿ ಇಲ್ಲ. ಕೆನಡಾದ ಫೆಡರಲ್ ನ್ಯಾಯಾಲಯಕ್ಕೆ ಹೋಗುವುದಾದರೆ, ಹೊರದೇಶದಲ್ಲಿ ಆದ ತೀರ್ಮಾನಕ್ಕೆ 60 ದಿನಗಳ ಗಡುವಿದೆ. ವೀಸಾ ಸಿಗದಿದ್ದರೆ ಅಳಿಯಂದಿರು ರಜೆ ಹಾಕಿ ಇಲ್ಲಿಗೆ ಬಂದು ಹೋಗುವ ದಾರಿ ಇದ್ದೇ ಇದೆ. ಆ ಟಿಕೆಟ್, ಫೋಟೋಗಳು ದಾಂಪತ್ಯ ನಿಜವೆಂಬುದಕ್ಕೆ ಪುರಾವೆಯೂ ಆಗುತ್ತವೆ.

ಕಡೆಯದಾಗಿ ಹೆಣ್ಣುಮಕ್ಕಳಿಗೂ ಅವರ ಪಾಲಕರಿಗೂ ಒಂದು ಮಾತು. 'ಹೇಗಿದ್ದರೂ ಹೋಗುವವಳು' ಎಂದು ಕಾಲೇಜು ಬಿಡಿಸುವುದು, ಕೆಲಸಕ್ಕೆ ರಾಜೀನಾಮೆ ಕೊಡಿಸುವುದು ನಮ್ಮಲ್ಲಿ ಕಾಣುತ್ತಿರುವ ಅವಸರ. ಅದರಿಂದ ಎರಡು ನಷ್ಟ. ಮರಳಿ ಬರಲು ಇದ್ದ ಬಲವಾದ ಕಾರಣವನ್ನು ತಕ್ಕಡಿಯಿಂದ ನಾವೇ ತೆಗೆದುಹಾಕಿದ ಹಾಗಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಕಾಯುವ ತಿಂಗಳುಗಳು ಬರಡಾಗುತ್ತವೆ. ಶುರುಮಾಡಿದ ಪದವಿ ಮುಗಿಸಲಿ, ಸಿಕ್ಕ ಕೆಲಸದಲ್ಲಿ ಅನುಭವ ಗಳಿಸಲಿ. ಆ ಪದವಿ ಪತ್ರ ಮತ್ತು ಅನುಭವ ಪತ್ರ ಇಂದು ವೀಸಾ ಅರ್ಜಿಗೆ ಆಧಾರ. ನಾಳೆ ಕಾಯಂ ಆಗಿ ಹೋದ ದಿನ ಆ ದೇಶದಲ್ಲಿ ಅವಳ ಸ್ವಂತ ಕಾಲಿಗೆ ಆಧಾರ.